ಬಿಸಿಬೇಳೆ ಬಾತಲ್ಲ, ಬೆಣ್ಣೆ ಬಾತು!

ಹೊಸ ಭಾಷೆ ಕಲಿಯೋಕೆ ಹೊರಟವರಿಗೆಲ್ಲ ಸಿಗೋ ಬಿಟ್ಟಿ ಸಲಹೆ ಒಂದಿದೆ: "ಮೊದಲು ಊಟ-ತಿಂಡಿ ಪದ ಕಲೀರಿ, ಅವೇ ಸುಲಭ". ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ತಿನ್ನೋ ವಸ್ತುಗಳ ಹೆಸರಿನಷ್ಟು ಕಷ್ಟದ ಪದಗಳು ಯಾವ ಭಾಷೆಯಲ್ಲೂ ಇಲ್ಲ. 'ಗುರುತ್ವಾಕರ್ಷಣೆ'ಗೆ ನಿಘಂಟು ತೆಗೆದರೆ ಕೆಲಸ ಮುಗೀತು. ಆದರೆ ಕನ್ನಡ ಬಾರದವರಿಗೆ 'ತಿಂಡಿ' ಅಂದರೇನು ಅಂತ ಹೇಳಿಕೊಡಿ ನೋಡೋಣ. ಬ್ರೇಕ್‌ಫಾಸ್ಟ್ ಅಂದರೆ ಸಂಜೆಯ ಚಕ್ಕುಲಿ ಹೊರಗುಳಿಯುತ್ತೆ, ಸ್ನ್ಯಾಕ್ಸ್ ಅಂದರೆ ಬೆಳಗಿನ ಇಡ್ಲಿ ಹೊರಗುಳಿಯುತ್ತೆ. "ರಾತ್ರಿ ಊಟ ಮಾಡಲ್ಲ, ಬರೀ ತಿಂಡಿ" ಅನ್ನೋರಿಗಂತೂ ಎರಡೂ ಸಾಲದು.

ಸ್ವೀಡಿಷ್ ಭಾಷೆಯಲ್ಲಿ ಇದೇ ಜಾತಿಯ ಪದ ಒಂದಿದೆ. ಸ್ಮೊರ್ಗೋಸ್. ಅಲ್ಲಿ ಒಂದು ವಾರ ಇದ್ದರೂ ಸಾಕು, ಐವತ್ತು ಸಲ ಕಿವಿಗೆ ಬೀಳುತ್ತೆ. ನಾನು ಸ್ವೀಡಿಷ್ ಕಲಿಯೋಕೆ ಇಟ್ಟುಕೊಂಡಿದ್ದ ಪುಸ್ತಕದಲ್ಲಿ ಇದರ ಮುಂದೆ ಒಂದೇ ಪದ ಇತ್ತು: 'ಸ್ಯಾಂಡ್‌ವಿಚ್'. ಅಷ್ಟೇ. ಈ ಒಂದು ಪದದ ಅನುವಾದ ಎಷ್ಟನ್ನು ನುಂಗಿ ಹಾಕುತ್ತೆ ಅನ್ನೋದೇ ಈ ಬರಹದ ವಿಷಯ. ಒಂದು ತಿನಿಸಿನ ಹೆಸರು ಕಲಿಯೋದು ಅಂದರೆ ಅದು ಯಾವ ವಸ್ತು ಅಂತ ತಿಳಿಯೋದಲ್ಲ. ಅದು ಯಾವ ಕ್ರಿಯಾಪದದ ಜೊತೆ, ದಿನದ ಯಾವ ಹೊತ್ತಿಗೆ, ಯಾರ ಮುಂದೆ ಬರುತ್ತೆ ಅಂತ ತಿಳಿಯೋದು. ಇದು ನನ್ನ ವಾದ.

ಮೊದಲು ಪದವನ್ನೇ ಬಿಡಿಸಿ ನೋಡೋಣ. 'ಸ್ಮೊರ್' ಅಂದರೆ ಬೆಣ್ಣೆ. 'ಗೋಸ್' ಅಂದರೆ ಹೆಬ್ಬಾತು. ಎರಡೂ ಸೇರಿದರೆ ಬೆಣ್ಣೆ ಬಾತು! ನಮ್ಮ ಬಿಸಿಬೇಳೆ ಬಾತಿಗೂ ಇದಕ್ಕೂ ಸಂಬಂಧ ಇಲ್ಲ ಬಿಡಿ :-)  ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ತಿನ್ನೋ ವಸ್ತುವಿನೊಳಗೆ ಹೆಬ್ಬಾತು ಹೇಗೆ ಬಂತು ಅಂತ ಕೇಳಿದರೆ ಉತ್ತರ ಮಜ್ಜಿಗೆ ಕಡೆಯೋ ಜಾಗದಲ್ಲಿದೆ. ಕಡೆಯುವಾಗ ಬೆಣ್ಣೆಯ ಚಿಕ್ಕಚಿಕ್ಕ ಉಂಡೆಗಳು ಮೇಲೆ ತೇಲಿ ಬರುತ್ತವಲ್ಲ, ಆ ಉಂಡೆಗಳು ಹಳೇ ಕಾಲದ ಸ್ವೀಡಿಷರ ಕಣ್ಣಿಗೆ ನೀರಿನ ಮೇಲೆ ತೇಲೋ ಹೆಬ್ಬಾತುಗಳ ಹಾಗೆ ಕಂಡವು. ಹಾಗಾಗಿ ಬೆಣ್ಣೆ ಉಂಡೆಗೆ 'ಸ್ಮೊರ್ಗೋಸ್' ಅಂದರು. ಆ ಉಂಡೆಯನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದರು. ಬರ್ತಾ ಬರ್ತಾ ಬೆಣ್ಣೆಯ ಹೆಸರೇ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಹೆಸರಾಯ್ತು.

ಕಡಗೋಲು ಹಿಡಿದು ಮಜ್ಜಿಗೆ ಕಡೆದವರಿಗೆ, ಕಡೆಯೋದನ್ನು ನೋಡಿದವರಿಗೆ ಇದನ್ನು ಎರಡನೇ ಸಲ ವಿವರಿಸೋ ಅಗತ್ಯವೇ ಇಲ್ಲ. ಬೆಣ್ಣೆ ತೇಲಿ ಬರೋ ಆ ಗಳಿಗೆ ನಮಗೆ ಗೊತ್ತು. ಪಕ್ಕದ ಡೆನ್ಮಾರ್ಕಿನವರು ಇದೇ ಜಾತಿಯ ತಿನಿಸಿಗೆ ನೇರವಾಗಿ 'ಬೆಣ್ಣೆ ಬ್ರೆಡ್ಡು' ಅನ್ನೋ ಅರ್ಥದ ಪದ ಇಟ್ಟುಕೊಂಡಿದ್ದಾರೆ. ಜರ್ಮನ್ನರೂ ಹಾಗೇ. ಸ್ವೀಡಿಷರು ಮಾತ್ರ ಬಾತನ್ನು ಬಿಡಲಿಲ್ಲ.

ಬಿಡಲಿಲ್ಲ ಅಂದೆ, ಆದರೆ ಬಾತನ್ನು ಅವರು ಮರೆತಿದ್ದಾರೆ! ಅದಕ್ಕೆ ಸಾಕ್ಷಿ ಅವರ ವ್ಯಾಕರಣದಲ್ಲೇ ಇದೆ. ಒಂದು ಹೆಬ್ಬಾತು 'ಗೋಸ್'. ಹಲವು ಹೆಬ್ಬಾತುಗಳು 'ಯೆಸ್'. (ಬರೆಯೋದು ಗ ಅಕ್ಷರದಿಂದಲೇ, ಮುಂದಿನ ಸ್ವರದಿಂದಾಗಿ ಉಚ್ಚಾರಣೆ ಯ ಆಗುತ್ತೆ.) ಹಾಗಾದರೆ ಹಲವು ಸ್ಮೊರ್ಗೋಸುಗಳು 'ಸ್ಮೊರ್‌ಯೆಸ್' ಆಗಬೇಕಿತ್ತು. ಆಗಲ್ಲ. 'ಸ್ಮೊರ್ಗೋಸರ್' ಆಗುತ್ತೆ. ಅಂದರೆ ಹೇಳೋರ ತಲೆಯಲ್ಲಿ ಆ ಪದದೊಳಗೆ ಈಗ ಹಕ್ಕಿಯೇ ಇಲ್ಲ. ಹಾರಿಹೋಗಿದೆ. ಉಳಿದಿರೋದು ತಿನಿಸು ಮಾತ್ರ. ಪದದ ಮೂಲ ಗೊತ್ತಿದ್ದರೆ ಪದ ಗೊತ್ತಾದಂತೆ ಅಂದುಕೊಳ್ಳೋ ನಮ್ಮಂಥ ವ್ಯುತ್ಪತ್ತಿ ಪ್ರಿಯರಿಗೆ ಇದು ಒಳ್ಳೇ ಪಾಠ. ಮೂಲ ಸ್ವಾರಸ್ಯ ಕೊಡುತ್ತೆ, ಬಳಕೆ ಕಲಿಸಲ್ಲ.

ಕನ್ನಡಿಗರಿಗೆ ಈ ಪದದಲ್ಲಿ ಸುಲಭವಾದದ್ದೂ ಬೇಕಾದಷ್ಟಿದೆ. ಸ್ವೀಡಿಷಿನಲ್ಲಿ ಇಂಗ್ಲಿಷಿನ 'ದಿ' ಪದದ ಹಿಂದೆ ಅಂಟಿಕೊಳ್ಳುತ್ತೆ. ಸ್ಮೊರ್ಗೋಸ್ ಅಂದರೆ ಒಂದು, ಸ್ಮೊರ್ಗೋಸೆನ್ ಅಂದರೆ 'ಆ' ಒಂದು, ಸ್ಮೊರ್ಗೋಸರ್ ಅಂದರೆ ಹಲವು, ಸ್ಮೊರ್ಗೋಸರ್ನ ಅಂದರೆ 'ಆ' ಹಲವು. ಮೇಲೊಂದು ಸ್ ಹಚ್ಚಿದರೆ ಷಷ್ಠಿ ವಿಭಕ್ತಿ. ಪ್ರತ್ಯಯದ ಮೇಲೆ ಪ್ರತ್ಯಯ. ಮರ-ಗಳ-ಲ್ಲಿ, ಮನೆ-ಗಳಿಂದ ಅಂತ ಹುಟ್ಟಿದಾಗಿಂದ ಪೋಣಿಸುತ್ತಾ ಬಂದವರಿಗೆ ಇದೇನು ಮಹಾ? ಇನ್ನೊಂದು ಖುಷಿಯ ವಿಷಯ: ಸ್ವೀಡಿಷಿನಲ್ಲಿ ರ ಮತ್ತು ನ ಪಕ್ಕಪಕ್ಕ ಬಂದರೆ ಹೆಚ್ಚಿನ ಕಡೆ ನಮ್ಮ 'ಣ' ಆಗುತ್ತೆ, ರ ಮತ್ತು ದ ಬಂದರೆ ನಮ್ಮ 'ಡ' ಆಗುತ್ತೆ. ಹಾಗಾಗಿ ಮೇಜು ಅನ್ನೋ ಪದ 'ಬೂಡ್', ಮಗು ಅನ್ನೋ ಪದ 'ಬಾಣ್'. ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ಮಾತ್ರ ಹೀಗಾಗಲ್ಲ. ಇಂಗ್ಲಿಷ್ ಮಾತಾಡೋರು ತಿಣುಕೋ ಈ ಸದ್ದುಗಳು ನಮಗೆ ಒಂದನೇ ಕ್ಲಾಸಿನ ಕಾಗುಣಿತ. ಕಷ್ಟ ಇರೋದು ಸ್ಮೊರ್ ಒಳಗಿನ ಸ್ವರದ್ದು ಮಾತ್ರ. ತುಟಿಯನ್ನು 'ಒ'ಗೆ ಗುಂಡಗೆ ಮಾಡಿಕೊಂಡು ಬಾಯೊಳಗೆ 'ಎ' ಅನ್ನಿ. ಹತ್ತಿರ ಬರುತ್ತೆ.

ಇಷ್ಟಾದರೂ ಪದ ಬಾಯಿಗೆ ಬಂತೇ ಹೊರತು ಬಳಕೆಗೆ ಬರಲಿಲ್ಲ. ಈಗ ವಸ್ತುವಿಗೆ ಬರೋಣ. ಸ್ಯಾಂಡ್‌ವಿಚ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಎರಡು ತುಂಡು ಬ್ರೆಡ್ಡು, ನಡುವೆ ಏನೋ ಒಂದು. ಸ್ಮೊರ್ಗೋಸ್ ಅಂದರೆ ಒಂದೇ ತುಂಡು. ಮುಚ್ಚಳ ಇಲ್ಲ. ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಅದರ ಮೇಲೆ ಚೀಸೋ ಸೌತೆಕಾಯಿಯೋ ಮೊಟ್ಟೆಯೋ ಇನ್ನೊಂದೋ. ಮೇಲೆ ಇಡೋದಕ್ಕೆ 'ಪೋಲೆಗ್' ಅಂತಾರೆ, 'ಮೇಲಿಟ್ಟದ್ದು' ಅನ್ನೋದೇ ಅದರ ಅರ್ಥ. ಒಳಗೆ ತುಂಬಿದ್ದಲ್ಲ, ಮೇಲೆ ಇಟ್ಟದ್ದು. ಬ್ರೆಡ್ಡು ಮೆತ್ತಗೇ ಇರಬೇಕು ಅಂತಿಲ್ಲ. 'ಕ್ನೆಕ್ಕೆಬ್ರೋಡ್' ಅಂತ ಒಂದು ಒಣ ಬ್ರೆಡ್ಡಿದೆ, ನಮ್ಮ ಉತ್ತರ ಕರ್ನಾಟಕದ ಕಡಕ್ ರೊಟ್ಟಿಯ ದೂರದ ನೆಂಟ ಅನ್ನಬಹುದು, ಮುರಿದರೆ ಅದೇ ಥರ ಕಟಕ್ ಅನ್ನುತ್ತೆ. ಅದರ ಮೇಲೆ ಬೆಣ್ಣೆ ಹಚ್ಚಿದರೂ ಸ್ಮೊರ್ಗೋಸೇ. ಬೆಣ್ಣೆಯ ಬದಲು ಬೇರೇನೋ ಹಚ್ಚಿದರೂ ಸ್ಮೊರ್ಗೋಸೇ. ಎರಡು ತುಂಡು ಸೇರಿಸಿ ಮುಚ್ಚಿದರೆ ಅದಕ್ಕೆ 'ಡಬಲ್' ಅಂತ ಬೇರೆಯಾಗಿ ಹೇಳಬೇಕು. ಅಂದರೆ ನಮಗೆ ಮಾಮೂಲಿ ಅನಿಸೋದು ಅವರಿಗೆ ವಿಶೇಷ.

ಇನ್ನು ಕ್ರಿಯಾಪದ. ನಾವು "ಬ್ರೆಡ್ಡಿಗೆ ಬೆಣ್ಣೆ ಸವರು" ಅಂತೀವಿ. ಅವರು 'ಬ್ರೇ ಎನ್ ಸ್ಮೊರ್ಗೋಸ್' ಅಂತಾರೆ. 'ಬ್ರೇ' ಅಂದರೆ ಹರಡು, ಅಗಲ ಮಾಡು. ಬೆಣ್ಣೆಯನ್ನು ಹರಡೋದಲ್ಲ, ಸ್ಮೊರ್ಗೋಸನ್ನೇ ಹರಡೋದು! 1969ರಲ್ಲಿ ಬಂದು ಇವತ್ತಿಗೂ ಫ್ರಿಜ್ಜುಗಳಲ್ಲಿ ಕೂತಿರೋ 'ಬ್ರೇಗೊತ್' ಅನ್ನೋ ಬೆಣ್ಣೆ-ಎಣ್ಣೆ ಮಿಶ್ರಣದ ಹೆಸರಿನಲ್ಲೂ ಇದೇ ಕ್ರಿಯಾಪದ ಇದೆ. ಈ 'ಬ್ರೇ' ಕಲಿಯದೆ ಸ್ಮೊರ್ಗೋಸ್ ಕಲಿತವರು 'ತಟ್ಟು' ಕಲಿಯದೆ ರೊಟ್ಟಿ ಕಲಿತವರ ಹಾಗೆ.

ಮನೆಯಲ್ಲಿ, ಆಫೀಸಿನಲ್ಲಿ ದಿನಾ ಕೇಳೋದು ಇದರ ಆಡುರೂಪ. 'ಮಕ್ಕ'. ಅಕ್ಕ ಅನ್ನೋವಾಗ ಕ-ಕ ಹೇಗೆ ಒತ್ತುತ್ತೀವೋ ಹಾಗೇ. ಬಹುವಚನ 'ಮಕ್ಕೂರ್'. ಚೀಸ್ ಇದ್ದರೆ ಉಸ್ತ್‌ಮಕ್ಕ, ಸಿಗಡಿ ಇದ್ದರೆ ರೇಕ್‌ಮಕ್ಕ. ಸಸ್ಯಾಹಾರಿಗಳು ಮೊದಲನೆಯದನ್ನು ಗಟ್ಟಿ ಮಾಡಿಕೊಳ್ಳಿ :-)  ಅಂಗಡಿಯಲ್ಲಿ ಕೇಳೋದು "ಎನ್ ಉಸ್ತ್‌ಮಕ್ಕ, ತಕ್". 'ತಕ್' ಅಂದರೆ ಥ್ಯಾಂಕ್ಸ್, ಅದು ಕೊನೆಗೆ ಬರುತ್ತೆ. ಇಂಗ್ಲಿಷಿನ 'ಪ್ಲೀಸ್'ಗೆ ಸರಿಸಾಟಿಯಾದ ಒಂದೇ ಒಂದು ದಿನಬಳಕೆಯ ಪದ ಅವರಲ್ಲಿ ಇಲ್ಲ. ಇದನ್ನು ಕೇಳಿ ಕೆಲವರು ಅವರನ್ನು ಒರಟರು ಅಂದುಬಿಡುತ್ತಾರೆ. ನಾವು ದರ್ಶಿನಿಯಲ್ಲಿ "ದಯವಿಟ್ಟು ಒಂದು ಮಸಾಲೆ ದೋಸೆ ದಯಪಾಲಿಸಿ" ಅಂತೀವಾ? "ಒಂದು ಮಸಾಲೆ ಕೊಡಿ" ಅಂತೀವಿ, ಮರ್ಯಾದೆ ಆ 'ಕೊಡಿ'ಯ ಇಕಾರದಲ್ಲೇ ಇದೆ. ಅವರ ಮರ್ಯಾದೆ 'ತಕ್'ನಲ್ಲಿದೆ. ಹುಡುಕೋ ಜಾಗ ಬೇರೆ, ಅಷ್ಟೇ.

ಒಂದು ಸೂಕ್ಷ್ಮ ಇಲ್ಲಿದೆ. 'ಎನ್ ಮಕ್ಕ' ಅಂದರೆ ಒಂದು ಮಕ್ಕ. ಆದರೆ ಬೆಳಗ್ಗೆ ಏನು ತಿಂದೆ ಅಂದರೆ 'ಎನ್' ಬಿಟ್ಟು ಬರೀ "ಮಕ್ಕ ತಿಂದೆ" ಅನ್ನೋರೂ ಇದ್ದಾರೆ. ಎಷ್ಟು ಅನ್ನೋದು ಮುಖ್ಯವಲ್ಲ, ಯಾವ ಬಗೆಯದ್ದು ಅನ್ನೋದು ಮುಖ್ಯ. ನಾವು "ದೋಸೆ ತಿಂದೆ" ಅಂದಾಗ ಲೆಕ್ಕ ಕೊಡ್ತೀವಾ? ಹಾಗೆ.

ಈಗ ನಿಜವಾಗಿ ಮುಖ್ಯವಾದ ವಿಷಯ. ಸ್ವೀಡಿಷಿನಲ್ಲಿ ಊಟಕ್ಕೆ 'ಮಾತ್' ಅಂತಾರೆ. (ನಮ್ಮ 'ಮಾತು'!) ಬೇಯಿಸಿ ಮಾಡಿದ್ದಕ್ಕೆ 'ಲಾಗದ್ ಮಾತ್' ಅನ್ನೋ ಬೇರೆ ಹೆಸರೇ ಇದೆ. ಅಂದರೆ ಅಡುಗೆ. ಮಕ್ಕ ಆ ಲೆಕ್ಕಕ್ಕೆ ಸೇರಲ್ಲ. ನಾಲ್ಕು ಮಕ್ಕ ತಿಂದು ಹೊಟ್ಟೆ ತುಂಬಿದ್ದರೂ "ಬಿಸಿ ಅಡುಗೆ ಊಟ ಆಗಿಲ್ಲ" ಅನ್ನಬಹುದು. ಇದು ನಮಗೆ ವಿಚಿತ್ರ ಅನಿಸಬಾರದು. ಆರು ಇಡ್ಲಿ, ಎರಡು ವಡೆ ತಿಂದವರೂ "ಊಟ ಇನ್ನೂ ಆಗಿಲ್ಲ, ಬರೀ ತಿಂಡಿ ಆಗಿದೆ" ಅನ್ನೋ ನಾಡು ನಮ್ಮದು. ಬ್ರೆಡ್ಡಿಗೂ ಇಡ್ಲಿಗೂ ಯಾವ ನೆಂಟಸ್ತಿಕೆ ಇಲ್ಲದಿದ್ದರೂ, ಭಾಷೆಯೊಳಗೆ ಅವೆರಡೂ ಕೂತಿರೋ ಕುರ್ಚಿ ಒಂದೇ. ಹಾಗಾಗಿ ಕನ್ನಡಿಗರೊಬ್ಬರು 'ಮಕ್ಕ' ಅರ್ಥ ಕೇಳಿದರೆ ನಾನು ಹೇಳೋದು: ವಸ್ತು ಬ್ರೆಡ್ಡು-ಬೆಣ್ಣೆ, ಸ್ಥಾನ ತಿಂಡಿಯದು.

ಇದು ಬರೀ ಪದಗಳ ಆಟ ಅಲ್ಲ. 2022ರ ಮೇ ತಿಂಗಳಲ್ಲಿ ಇಂಟರ್ನೆಟ್ಟಿನಲ್ಲಿ ಸ್ವೀಡಿಷರ ಬಗ್ಗೆ ದೊಡ್ಡ ಗಲಾಟೆ ಎದ್ದಿದ್ದು ಕೆಲವರಿಗೆ ನೆನಪಿರಬಹುದು. ಚಿಕ್ಕವನಿದ್ದಾಗ ಸ್ವೀಡಿಷ್ ಗೆಳೆಯನ ಮನೆಗೆ ಆಡೋಕೆ ಹೋಗಿದ್ದೆ, ಅವರು ಊಟಕ್ಕೆ ಕೂತರು, ನನ್ನನ್ನು ರೂಮಿನಲ್ಲೇ ಕಾಯಿಸಿದರು ಅಂತ ಯಾರೋ ಬರೆದರು. ಇಡೀ ಜಗತ್ತು ಬಿದ್ದೂ ಬಿದ್ದೂ ನಕ್ಕಿತು, ಬೈಯಿತು. ಸ್ವೀಡಿಷರಲ್ಲೇ ಕೆಲವರು "ಹೌದು, ಹಾಗಿತ್ತು" ಅಂದರು, ಕೆಲವರು "ನಮ್ಮ ಮನೆಯಲ್ಲಿ ಹಾಗಿರಲಿಲ್ಲ" ಅಂದರು. ಆ ಮಗುವಿನ ಮನೆಯಲ್ಲೂ ರಾತ್ರಿ ಅಡುಗೆ ಆಗಿರುತ್ತೆ, ಅದನ್ನು ಕೆಡಿಸಬಾರದು ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ನಾನು ಆ ಪದ್ಧತಿಯ ವಕೀಲಿಕೆ ಮಾಡ್ತಿಲ್ಲ. ಮನೆಗೆ ಬಂದ ಮಗುವಿಗೆ ತಟ್ಟೆ ಹಾಕದೆ ಉಣ್ಣೋದು ನನ್ನ ಕೈಲಿ ಆಗದ ಮಾತು. ಆದರೆ ಅವತ್ತು ಬೈದವರಲ್ಲಿ ಬಹಳ ಜನಕ್ಕೆ ಈ ಎರಡು ಪದಗಳ ನಡುವಿನ ಗೆರೆ ಗೊತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. 'ಮಿದ್ದಾಗ್', ಅಂದರೆ ರಾತ್ರಿಯ ಬಿಸಿ ಊಟ, ಆಯಾ ಮನೆಯ ಲೆಕ್ಕಾಚಾರಕ್ಕೆ ಸೇರಿದ್ದು. ಮಕ್ಕ ಹಾಗಲ್ಲ. "ವಿಲ್ ದು ಹಾ ಎನ್ ಮಕ್ಕ?", ಅಂದರೆ "ಒಂದು ಮಕ್ಕ ಬೇಕಾ?" ಅಂತ ಆಡೋಕೆ ಬಂದ ಮಗುವನ್ನು ಕೇಳೋದು ಅಲ್ಲಿ ಸಾಮಾನ್ಯ. ಸ್ವೀಡನ್ನಿನಲ್ಲಿರೋ ಕನ್ನಡದ ಅಪ್ಪ-ಅಮ್ಮಂದಿರಿಗೆ ಇದು ದಿನದ ಪ್ರಶ್ನೆ. ಮಗು ಗೆಳೆಯನ ಮನೆಯಿಂದ ಬಂದು "ಮಕ್ಕ ತಿಂದೆ" ಅಂದರೆ ಅದನ್ನು "ಸ್ಯಾಂಡ್‌ವಿಚ್ ತಿಂದೆ" ಅಂತ ಅನುವಾದಿಸಿಕೊಂಡು "ಊಟ ಹಾಕದೆ ಬ್ರೆಡ್ಡು ಕೊಟ್ಟು ಕಳಿಸಿದರಲ್ಲ" ಅಂತ ನೊಂದುಕೊಳ್ಳಬಹುದು. "ತಿಂಡಿ ಕೊಟ್ಟರು" ಅಂತ ಅನುವಾದಿಸಿಕೊಂಡರೆ ಮನಸ್ಸು ಹಗುರ ಆಗುತ್ತೆ, ಅನ್ನ ಬಡಿಸಬೇಕು ಅಂತಲೂ ಗೊತ್ತಾಗುತ್ತೆ. ವಸ್ತು ಅದೇ, ಮನೆ ಅದೇ. ಬದಲಾಗಿದ್ದು ಅನುವಾದ ಮಾತ್ರ.

ಇದೇ ಪದ ಊರು ಬಿಟ್ಟು ಹೋದಾಗ ಏನಾಯ್ತು ನೋಡಿ. 'ಸ್ಮೊರ್ಗೋಸ್‌ಬೂಡ್' ಅಂದರೆ ಸ್ಮೊರ್ಗೋಸ್ ಮೇಜು. ಊಟಕ್ಕೆ ಮುಂಚೆ ಮದ್ಯದ ಜೊತೆ ಸಣ್ಣಪುಟ್ಟ ತಿನಿಸು ಇಡುತ್ತಿದ್ದ ಹಳೇ ಪದ್ಧತಿ ಬೆಳೆದು ದೊಡ್ಡ ಮೇಜಾಯಿತು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಸ್ವೀಡನ್ನಿನವರ ರೆಸ್ಟೋರೆಂಟ್ ಇದನ್ನು ಅಮೆರಿಕದವರಿಗೆ ಚೆನ್ನಾಗಿ ಪರಿಚಯಿಸಿತು. ಇಂಗ್ಲಿಷಿನವರು ಪದವನ್ನು ಎತ್ತಿಕೊಂಡು 'ಎಲ್ಲ ಥರದ್ದರ ರಾಶಿ' ಅನ್ನೋ ಅರ್ಥ ಕೊಟ್ಟರು. ಕನ್ನಡದಲ್ಲಿ ಹೇಳೋದಾದರೆ ಕಲಸುಮೇಲೋಗರ. ತಮಾಷೆ ಅಂದರೆ ನಿಜವಾದ ಸ್ಮೊರ್ಗೋಸ್‌ಬೂಡ್‌ನಲ್ಲಿ ಕಲಸಲೇಬಾರದು! ಮೊದಲು ಹೆರಿಂಗ್ ಮೀನು, ಆಮೇಲೆ ಉಳಿದ ತಣ್ಣನೆ ಮೀನು, ಆಮೇಲೆ ತಣ್ಣನೆ ಮಾಂಸ, ಆಮೇಲೆ ಬಿಸಿ ಪದಾರ್ಥ, ಕೊನೆಗೆ ಸಿಹಿ. ಸುತ್ತಿಗೊಂದು ಹೊಸ ತಟ್ಟೆ. ನಮ್ಮ ಬಾಳೆ ಎಲೆಯಲ್ಲಿ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ ಅನ್ನೋಷ್ಟೇ ಕ್ರಮ ಅದಕ್ಕೂ ಇದೆ. ಜಪಾನಿನಲ್ಲಂತೂ 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲ್ ಇದೇ ಮಾದರಿಯ ಊಟ ಶುರು ಮಾಡಿದಾಗ ಹೆಸರು ಹೇಳೋಕೆ ಕಷ್ಟ ಅಂತ 'ವೈಕಿಂಗ್' ಅಂದುಬಿಟ್ಟರು. ಅಲ್ಲಿ ಬಫೆ ಊಟಕ್ಕೆ ಇವತ್ತಿಗೂ ಆ ಹೆಸರಿದೆ. ವಸ್ತು ಹೋಗುತ್ತೆ, ಹೆಸರು ಹೋಗುತ್ತೆ, ಬಳಕೆ ಮಾತ್ರ ಹಿಂದೆ ಉಳಿದುಬಿಡುತ್ತೆ.

ಊರಿನಲ್ಲೇ ಉಳಿದ ಬಳಕೆಗಳು ಇನ್ನೂ ಸೊಗಸಾಗಿವೆ. ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಪುಟಪುಟ ಹಾರುವಂತೆ ಎಸೀತೀವಲ್ಲ, ಅದಕ್ಕೆ ಅವರು 'ಕಸ್ತ ಮಕ್ಕ' ಅಂತಾರೆ. ಮಕ್ಕ ಎಸೆಯೋದು! ಕಷ್ಟಪಡದೆ ಆರಾಮಾಗಿ ಒಳ್ಳೇ ಜಾಗಕ್ಕೆ ಬಂದು ಕೂತವನನ್ನು "ಸಿಗಡಿ ಮಕ್ಕದ ಮೇಲೆ ಜಾರಿಕೊಂಡು ಬಂದ" ಅಂತಾರೆ. ಯಾಕಂದರೆ ಸಿಗಡಿ ಮಕ್ಕ ಅಂದರೆ ಮಕ್ಕಗಳಲ್ಲಿ ಐಷಾರಾಮಿ. ಇವನ್ನು 'ಸ್ಯಾಂಡ್‌ವಿಚ್' ಅಂತ ಅನುವಾದಿಸಿದರೆ ಏನಾದರೂ ಅರ್ಥ ಆಗುತ್ತಾ?

ಯೂನಿಕೋಡಿನಲ್ಲಿ ಬರೆಯೋ ನಮ್ಮಂಥವರಿಗೆ ಇಷ್ಟ ಆಗೋ ವಿಷಯ ಕೊನೆಗೆ ಇಟ್ಟಿದ್ದೀನಿ. ಸ್ವೀಡಿಷ್ ಅಕ್ಷರಮಾಲೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿಲ್ಲದ ಮೂರು ಅಕ್ಷರ ಇವೆ: ಉಂಗುರ ಹೊತ್ತ 'ಎ', ಎರಡು ಚುಕ್ಕಿ ಹೊತ್ತ 'ಎ', ಎರಡು ಚುಕ್ಕಿ ಹೊತ್ತ 'ಓ'. ಇವು ಅಲಂಕಾರ ಅಲ್ಲ, ಬೇರೆಯೇ ಅಕ್ಷರಗಳು. ಉಂಗುರ ಕಿತ್ತರೆ 'ಗೋಸ್' ಹೋಗಿ 'ಗಾಸ್' ಆಗುತ್ತೆ, ಅಂದರೆ ಗ್ಯಾಸ್ :-)  ಸಿಗಡಿ ಸ್ಮೊರ್ಗೋಸ್, 'ರೇಕ್‌ಸ್ಮೊರ್ಗೋಸ್', ಅನ್ನೋ ಒಂದೇ ಪದದಲ್ಲಿ ಈ ಮೂರೂ ಅಕ್ಷರ ಬರುತ್ತವೆ. ಹಾಗಾಗಿ ಒಂದು ಸಾಫ್ಟ್‌ವೇರ್ ಸ್ವೀಡಿಷ್ ಅಕ್ಷರಗಳನ್ನು ಸರಿಯಾಗಿ ತೋರಿಸುತ್ತಾ ಅಂತ ಪರೀಕ್ಷಿಸೋಕೆ ಅಲ್ಲಿನ ಪ್ರೋಗ್ರಾಮರುಗಳು ಟೈಪ್ ಮಾಡೋ ಮಾಮೂಲಿ ಪದ ಇದು. ಏಳು ಬಿಟ್ಟಿನ ಕಾಲದಲ್ಲಿ ಅವರು ಈ ಅಕ್ಷರಗಳನ್ನು } { | ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದರು. ಅಮೆರಿಕದ ಕಂಪ್ಯೂಟರಿನಲ್ಲಿ ತೆರೆದರೆ ಪದದ ತುಂಬ ಆವರಣ, ಗೀಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೇ ಆಸ್ಕಿ ಕನ್ನಡದ ಕಡತ ತೆರೆದು ಕಣ್ಣು ಕಣ್ಣು ಬಿಟ್ಟವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ತಮ್ಮ ಭಾಷೆ ಕಂಪ್ಯೂಟರಿನಲ್ಲಿ ಬದುಕಿದೆಯಾ ಅಂತ ನೋಡೋಕೆ ಅವರು ಆರಿಸಿಕೊಂಡಿದ್ದು ರಾಜನ ಹೆಸರಲ್ಲ, ಕವಿಯ ಹೆಸರಲ್ಲ, ತಿನ್ನೋ ವಸ್ತುವಿನ ಹೆಸರು. ನನಗೆ ಇದು ತುಂಬ ಹಿಡಿಸಿತು.

ಇಷ್ಟೆಲ್ಲ ಆದ ಮೇಲೆ ನನಗನಿಸೋದು ಇದು. ಕನ್ನಡ ಕಲಿಯೋಕೆ ಬರೋವರಿಗೆ ನಾವು ಕೊಡೋದೂ ಇಂಥದ್ದೇ ಒಂಟಿ ಪದಗಳನ್ನ. ರೊಟ್ಟಿ ಅಂದರೆ ಬ್ರೆಡ್ಡು, ಮುದ್ದೆ ಅಂದರೆ ರಾಗಿ ಉಂಡೆ, ತಿಂಡಿ ಅಂದರೆ ಬ್ರೇಕ್‌ಫಾಸ್ಟ್. ರೊಟ್ಟಿಯನ್ನು ತಟ್ಟುತ್ತಾರೆ, ಉತ್ತರದ ಕಡೆ ಬಡಿಯುತ್ತಾರೆ. ದೋಸೆಯನ್ನು ಹುಯ್ಯುತ್ತಾರೆ, ಮಲೆನಾಡು-ಕರಾವಳಿ ಕಡೆ ಎರೆಯುತ್ತಾರೆ. ಮುದ್ದೆ ಕಟ್ಟುತ್ತಾರೆ, ಆಮೇಲೆ ಅಗಿಯದೆ ನುಂಗುತ್ತಾರೆ. ಚಕ್ಕುಲಿ ಒತ್ತುತ್ತಾರೆ, ಚಪಾತಿ ಲಟ್ಟಿಸುತ್ತಾರೆ. ಈ ಕ್ರಿಯಾಪದಗಳನ್ನು ಯಾವ ಮೂವತ್ತು ದಿನದ ಪುಸ್ತಕವೂ ಹೇಳಿಕೊಡಲ್ಲ. ನಮ್ಮ ಮಕ್ಕಳಿಗೂ ಎಲ್ಲದಕ್ಕೂ 'ಮಾಡು' ಒಂದೇ ಸಾಕಾಗ್ತಿದೆ: ರೊಟ್ಟಿ ಮಾಡು, ದೋಸೆ ಮಾಡು, ಮುದ್ದೆ ಮಾಡು. ತಿನಿಸು ಉಳಿದು ಕ್ರಿಯಾಪದ ಹೋದರೆ ಅರ್ಧ ಪದ ಹೋದ ಹಾಗೆ. ಸ್ಮೊರ್ಗೋಸ್‌ನಿಂದ ಹೆಬ್ಬಾತು ಹಾರಿಹೋದದ್ದು ನಷ್ಟವಲ್ಲ. 'ಬ್ರೇ' ಹೋಗಿದ್ದರೆ ನಷ್ಟ ಆಗುತ್ತಿತ್ತು.

ಹಾಗಾಗಿ ಒಂದು ಕೋರಿಕೆ. ಇನ್ನು ಮುಂದೆ ಅಡುಗೆಯ ಬಗ್ಗೆ ಬರೆಯುವಾಗ ಅಳತೆ, ಸಾಮಾನು ಪಟ್ಟಿಯ ಜೊತೆ ನಿಮ್ಮ ಮನೆಯ ಕ್ರಿಯಾಪದವನ್ನೂ ಬರೀರಿ. ಹುಯ್ಯೋದಾ, ಎರೆಯೋದಾ? ತಟ್ಟೋದಾ, ಬಡಿಯೋದಾ? ನಿಮ್ಮೂರಲ್ಲಿ ಬೇರೆ ಏನಾದರೂ ಇದ್ದರೆ ಕೆಳಗೆ ಹೇಳಿ. ನನಗಂತೂ ಬೇಕು.